ಬೀರು ಮೀಮಾಂಸೆ

ಗ್ರಂಥಾರಂಭದಲ್ಲಿ ನಾಮನಿರ್ಣಯ ಆಗಬೇಕೆಂಬುದು ಪಂಡಿತರ ಪದ್ಧತಿ. ಮಲಗುವ ಕೋಣೆಯಲ್ಲಿ ಬಟ್ಟೆ ಇಡುವ ಎತ್ತರದ ಕಪಾಟಿಗೆ ನಾವು ಬೀರು ಎನ್ನುತ್ತೇವೆ. ಇದು ಫ್ರೆಂಚರ 'ಬ್ಯೂರೋ', ಅಂದರೆ ಬರೆಯುವ ಮೇಜು, ಕಚೇರಿ. ಅಲಮಾರು ಎನ್ನುವವರೂ ಉಂಟು. ಅದು ಪೋರ್ಚುಗೀಸರ ಹಡಗೇರಿ ಬಂದ ಲ್ಯಾಟಿನ್ನಿನ 'ಆರ್ಮೇರಿಯಂ', ಮೂಲದಲ್ಲಿ ಆಯುಧ ಇಡುವ ಜಾಗ. ಇಂಟೀರಿಯರ್‌ನವರ ವಾರ್ಡ್‌ರೋಬ್‌ಗೆ 'ಗಾರ್ಡರೋಬ್' ಎಂಬ ದಾಯಾದಿಯಿದೆ. ಮಧ್ಯಯುಗದ ಕೋಟೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಪಾಯಖಾನೆಗೂ ಅದೇ ಹೆಸರು. ಕಚೇರಿ, ಆಯುಧಾಗಾರ, ಪಾಯಖಾನೆ: ಮೂರೂ ಅರ್ಥಗಳನ್ನು ಒಟ್ಟಿಗೆ ಕಾಣಬಯಸುವ ಸಂಶೋಧಕರು ನಮ್ಮ ಮನೆಯ ಬೀರುವಿನ ಎಡಬಾಗಿಲು ತೆಗೆಯಬಹುದು. ಸ್ವಲ್ಪ ಹಿಂದೆ ಸರಿದು ನಿಂತು ತೆಗೆಯಬೇಕು.

ಆದರೆ ಈ ಪ್ರಬಂಧದ ಜೀವ ಇರುವುದು ಇನ್ನೊಂದು ಕಡೆ. ಕನ್ನಡದಲ್ಲಿ ಬೀರು ಎಂಬ ಕ್ರಿಯಾಪದವೂ ಇದೆ. ಎಳ್ಳು ಬೀರುತ್ತೇವೆ, ಹೂವು ಪರಿಮಳ ಬೀರುತ್ತದೆ, ದೊಡ್ಡವರು ಪ್ರಭಾವ ಬೀರುತ್ತಾರೆ. ಹಂಚು, ಹರಡು, ಎರಚು ಎಂದರ್ಥ. ಕೂಡಿಡುವ ವಸ್ತುವಿಗೂ ಹಂಚುವ ಕ್ರಿಯೆಗೂ ಒಂದೇ ಶಬ್ದ ಒದಗಿದ್ದು ಕೇವಲ ಕಾಕತಾಳೀಯ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳಿಯಾರು. ಅವರ ಮನೆಯ ಬೀರು ನೋಡಿದವರು ಯಾರು? ಪ್ರಸ್ತುತ ಲೇಖಕನ ಪ್ರತಿಜ್ಞೆ ಇಷ್ಟು: ನಾಮಪದವಾದ ಬೀರು ಅಚ್ಚುಕಟ್ಟಾಗಿರುವುದು ಕ್ರಿಯಾಪದವಾದ ಬೀರುವಿನಿಂದ. ಉಳಿದದ್ದೆಲ್ಲ ಪ್ಲೈವುಡ್.

ಈ ಜಿಜ್ಞಾಸೆ ಹುಟ್ಟಿದ್ದು ನಮ್ಮ ಹಳೆಯ ಸ್ಟೀಲ್ ಬೀರು ಸಾಗಹಾಕಿ ಗೋಡೆಯುದ್ದಕ್ಕೂ ವಾರ್ಡ್‌ರೋಬ್ ಮಾಡಿಸಹೊರಟಾಗ. ವಿನ್ಯಾಸ ಮಾಡುವ ಹುಡುಗ ಲ್ಯಾಪ್‌ಟಾಪ್ ತೆರೆದು ತೋರಿಸಿದ ಚಿತ್ರದಲ್ಲಿ ಏಳು ಬಿಳಿ ಅಂಗಿ, ಒಂದು ಟೋಪಿ, ಒಂದು ಹೂದಾನಿ ಇದ್ದವು. "ಒಂಚೂರೂ ಕ್ಲಟರ್ ಇರಲ್ಲ ಸರ್," ಎಂದ. 18 ಮಿ.ಮೀ. ಪ್ಲೈ. ಆಳ 2 ಅಡಿ. ಏಕೆಂದರೆ ಹ್ಯಾಂಗರ್ ಅಗಲವೇ 17-18 ಇಂಚು, ತೂಗುವ ಅಂಗಿಯ ತೋಳು ಬಾಗಿಲಿಗೆ ಸಿಕ್ಕಬಾರದು. ಇದು ಒಪ್ಪತಕ್ಕ ಮಾತು. ಬಾಗಿಲಿಗೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಹಿಂಜ್. ಇದು ವಾದಾಸ್ಪದ; ಹಳೆಯ ಬೀರುವಿನ 'ಕಿರ್ರ್' ಎಂಬ ನಾದ ನಡುರಾತ್ರಿಯಲ್ಲಿ ಇಡೀ ಮನೆಯನ್ನು ಎಬ್ಬಿಸುತ್ತಿತ್ತು, ಅದಕ್ಕಿಂತ ಅಗ್ಗದ ಕಾವಲು ಇನ್ನೊಂದಿಲ್ಲ. ಕೊನೆಯದಾಗಿ, ಟೈಗಳಿಗೇ ಮೀಸಲಾದ ಒಂದು ಡ್ರಾಯರ್. ಲೇಖಕನ ಬಳಿ ಇರುವುದು ಒಂದೇ ಟೈ. ಆರತಕ್ಷತೆಯ ದಿನ ಭಾವಮೈದುನ ಹಾಕಿಕೊಟ್ಟ ಗಂಟು ಇವತ್ತಿನವರೆಗೂ ಬಿಚ್ಚಿಲ್ಲ. ಬಿಚ್ಚಿದರೆ ಮತ್ತೆ ಹಾಕಲು ಬರುವುದಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಎಲ್ಲ ಚೆನ್ನಾಗಿದೆ. ಕಣ ಎಲ್ಲಿಡೋದಪ್ಪಾ?" ಎಂದಳು.

"ಕಣ ಅಂದ್ರೆ ಏನು ಆಂಟಿ?" ಎಂದ ಹುಡುಗ.

ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಪೂರ್ವಪಕ್ಷವನ್ನು ಮುಗಿಸಿಬಿಡೋಣ. ಜಪಾನಿನ ಮೇರಿ ಕೊಂಡೊ ಅವರದು ಜಗತ್ಪ್ರಸಿದ್ಧ ದರ್ಶನ. ಪ್ರತಿಯೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿ. ಮನಸ್ಸು ಅರಳಿದರೆ ಇಟ್ಟುಕೋ, ಇಲ್ಲವಾದರೆ ಅದಕ್ಕೊಂದು ಧನ್ಯವಾದ ಹೇಳಿ ಕಳಿಸಿಕೊಡು. ಒಂದು ಭಾನುವಾರ ನಮ್ಮಲ್ಲೂ ಪ್ರಯೋಗ ನಡೆಯಿತು. ಅಮ್ಮನ ಕೈಗೆ ಮೊದಲು ಬಂದದ್ದು ಅಪ್ಪನ ಮಂಕಿ ಕ್ಯಾಪ್. "ಕಾಶಿಗೆ ಹೋದಾಗ ಇದನ್ನ ಹಾಕ್ಕೊಂಡಿದ್ರು," ಎಂದು ಮಡಿಸಿ ಮತ್ತೆ ಒಳಗಿಟ್ಟಳು. ಮನಸ್ಸು ಅರಳಿತು ಎನ್ನುವಂತಿರಲಿಲ್ಲ ಆ ಮುಖ. ನಮ್ಮ ಮನೆಯವಳು ನನ್ನ ಬನಿಯನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೆಳಕು ಧಾರಾಳವಾಗಿ ಈಚೆ ಬಂತು. "ನೆಲ ಒರೆಸೋಕಾಗುತ್ತೆ," ಎಂದು ಅವಳೂ ಒಳಗಿಟ್ಟಳು. ಮನಸ್ಸು ಅರಳಿಸುವುದು, ಅರಳಿಸದಿರುವುದು ಎಂಬ ಎರಡೇ ವರ್ಗಗಳಿರುವ ದರ್ಶನದಲ್ಲಿ ಕಾಶಿಯ ಟೋಪಿಗೂ ನೆಲ ಒರೆಸುವ ಬಟ್ಟೆಗೂ ಸ್ಥಾನವಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅವ್ಯಾಪ್ತಿದೋಷ ಎನ್ನುತ್ತಾರೆ. ಅಲ್ಲದೆ, ಮೂರನೆಯ ಮಗುವಾದ ಮೇಲೆ ಮನೆ ಓರಣದ ಹಟವನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆಂದು ಕೊಂಡೊ ಅವರೇ 2023ರಲ್ಲಿ ಒಪ್ಪಿಕೊಂಡರು. ಪೂರ್ವಪಕ್ಷಿಯೇ ಕೈಬಿಟ್ಟ ಪಕ್ಷವನ್ನು ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲ.

ನಮ್ಮ ಹಿರಿಯರ ವ್ಯವಸ್ಥೆಯಲ್ಲಿ ಬಟ್ಟೆಗೆ ಎರಡೇ ಸ್ಥಿತಿ. ಮಡಿಯದು ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟ ಗಳುವಿನ ಮೇಲೆ, ಕೋಲಿನಿಂದ ಹಾಕಿ ಕೋಲಿನಿಂದಲೇ ತೆಗೆಯತಕ್ಕದ್ದು. ಮೈಲಿಗೆಯದು ಒಗೆಯುವ ಕಲ್ಲಿಗೆ. (ಈ ಗಳುವನ್ನೇ ಈಗ ಓಪನ್ ವಾರ್ಡ್‌ರೋಬ್ ಎಂದು ಮಾರುತ್ತಾರೆ.) ಆಧುನಿಕ ಮಾನವ ಕಂಡುಹಿಡಿದದ್ದು ಮೂರನೆಯ ಸ್ಥಿತಿ: "ಒಂದ್ಸಲ ಹಾಕಿದ್ದು". ಒಗೆಯಲು ಅರ್ಹವಲ್ಲ, ಮಡಿಸಿಡಲು ಯೋಗ್ಯವಲ್ಲ. ಇದಕ್ಕೆ ಜಗತ್ತಿನ ಯಾವ ವಿನ್ಯಾಸದಲ್ಲೂ ಅರೆಯಿಲ್ಲ; ಬಾಗಿಲ ಹಿಂದಿನ ಮೊಳೆಯೇ ಗತಿ. ಮರಗೆಲಸದ ಆಚಾರ್ರು ಈ ಮರ್ಮ ಬಲ್ಲವರು. "ಈಗ್ಲೇ ಒಂದು ಮೊಳೆ ಹೊಡೆದುಬಿಡ್ಲಾ ಸಾಮಿ? ಹೆಂಗೂ ಆಮೇಲೆ ನೀವೇ ಹೊಡೀತೀರ," ಎಂದರು.

ನುಸಿಗುಳಿಗೆಯ ವಿಷಯ ಒಂದೇ ಮಾತಿನಲ್ಲಿ: ನ್ಯಾಫ್ತಲೀನ್ ಘನಸ್ಥಿತಿಯಿಂದ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಬೀರು ಸೇರಿದ ಮೇಲೆ ತಾನಾಗಿ ಹೊರಟುಹೋಗುವ ಪದಾರ್ಥ ಅದೊಂದೇ.

ಇನ್ನು ಕಣ. ರವಿಕೆ ಕಣ, ಬ್ಲೌಸ್ ಪೀಸ್. ಉದ್ದ ಮೀಟರಿನ ಆಸುಪಾಸು. ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ, ಗೌರಿಯ ಮರದ ಬಾಗಿನದಲ್ಲಿ ಬಳೆ-ಬಿಚ್ಚೋಲೆ-ಕನ್ನಡಿ-ಬಾಚಣಿಗೆಯ ಜೊತೆ, ಮದುವೆ ಮನೆಯಲ್ಲಿ ತೆಂಗಿನಕಾಯಿಯ ಕೆಳಗೆ ಕೊಡತಕ್ಕದ್ದು. ಇದರಲ್ಲಿ ಎರಡು ಜಾತಿ: ಹೊಲಿಸುವಂಥದ್ದು, ಕೊಡುವಂಥದ್ದು. ಅಮ್ಮ ಹೆಬ್ಬೆರಳು ತೋರುಬೆರಳ ನಡುವೆ ಮೂಲೆಯನ್ನೊಮ್ಮೆ ಉಜ್ಜಿ ಜಾತಿ ಹೇಳುತ್ತಾಳೆ. ಕೊಡುವಂಥದ್ದಕ್ಕೆ ಕತ್ತರಿ ಸೋಕುವುದೇ ಇಲ್ಲ. ಹುಟ್ಟಿನಿಂದ ಕೊನೆಯವರೆಗೂ ಅದು ಬಟ್ಟೆಯಲ್ಲ, ಚಲಾವಣೆಯ ನಾಣ್ಯ.

ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪಾಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇಂಥದೇ ಒಂದು ವ್ಯವಹಾರವನ್ನು ಕಂಡು 1922ರಲ್ಲಿ ದೊಡ್ಡ ಪುಸ್ತಕ ಬರೆದ. 'ಕುಲ' ಎಂದು ಆ ವ್ಯವಹಾರದ ಹೆಸರು. ಕೆಂಪು ಚಿಪ್ಪಿನ ಸರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿ ಹೋಗುತ್ತವೆ, ಬಿಳಿ ಚಿಪ್ಪಿನ ತೋಳಬಂದಿಗಳು ಅಪ್ರದಕ್ಷಿಣವಾಗಿ. ಯಾರೂ ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಕೊಡಬೇಕು, ಪಡೆಯಬೇಕು, ಮತ್ತೆ ತಿರುಗಿ ಕೊಡಬೇಕು ಎಂಬ ಮೂರು ಬಾಧ್ಯತೆಗಳನ್ನು ವಿವರಿಸಲು ಫ್ರಾನ್ಸಿನ ಮಾರ್ಸೆಲ್ ಮೋಸ್‌ಗೂ ಒಂದು ಇಡೀ ಪ್ರಬಂಧ ಬೇಕಾಯಿತು. ಕನ್ನಡಕ್ಕೆ ಮುಯ್ಯಿ ಎಂಬ ಒಂದು ಪದ ಸಾಕು. ಮಲಿನೋವ್‌ಸ್ಕಿ ಅಷ್ಟು ದೂರ ಹಡಗಿನಲ್ಲಿ ಹೋಗುವ ಬದಲು ಶ್ರಾವಣದ ಎರಡನೆಯ ಶುಕ್ರವಾರ ಸಂಜೆ ಬಸವನಗುಡಿಯ ಯಾವುದಾದರೂ ಬೀದಿಯಲ್ಲಿ ನಿಂತಿದ್ದರೂ ಆಗುತ್ತಿತ್ತು.

ಆ ಶುಕ್ರವಾರ ಲೇಖಕ ಒಂದು ಪ್ರಯೋಗ ಹೂಡಿದ. ಗಿಳಿಹಸಿರು ಬಣ್ಣದ ಕಣವೊಂದರ ಮೂಲೆಗೆ ಬಾಲ್‌ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಟ್ಟ. ಅದು ಕೆಳಗಿನ ಮನೆಗೆ ಹೋಯಿತು. ಇತ್ತ ಬೀರುವಿನಲ್ಲಿ ಗಣತಿ ಮಾಡಿದಾಗ ಸಿಕ್ಕ ಕಣಗಳು 61, ಹೊಲಿಸುವಂಥದ್ದು 4. ಹುಡುಗ ಅವನ್ನು ಬಣ್ಣದ ಪ್ರಕಾರ ಜೋಡಿಸೋಣ ಎಂದ. ಅಮ್ಮ ಒಪ್ಪಲಿಲ್ಲ. ಮಲ್ಲೇಶ್ವರದ ಅತ್ತೆ ಕೊಟ್ಟದ್ದು ತಪ್ಪಿಯೂ ಮಲ್ಲೇಶ್ವರಕ್ಕೆ ಹೋಗಬಾರದು. ಕೊಟ್ಟವರಿಗೇ ತಿರುಗಿ ಕೊಡುವುದಕ್ಕಿಂತ ದೊಡ್ಡ ಪಾತಕ ಬೇರೆಯಿಲ್ಲ. ಆದ್ದರಿಂದ ವಿಂಗಡಣೆ ಬಂದ ದಿಕ್ಕಿನ ಪ್ರಕಾರ: ಮಲ್ಲೇಶ್ವರ, ಮೈಸೂರು, ಬೀಗರ ಕಡೆ, ಇತರೆ. ಟೈ ಡ್ರಾಯರಿಗೆ ಒಳಗೆ ನಾಲ್ಕು ಮನೆ ಮಾಡಿ ಕಣಕ್ಕೆ ಬಿಟ್ಟುಕೊಟ್ಟೆವು. ನಲವತ್ತು ಹಿಡಿಸಿತು. ಮಿಕ್ಕವು ಲಾಫ್ಟ್ ಹತ್ತಿದವು. ಹೂದಾನಿ ಇರಬೇಕಾಗಿದ್ದಲ್ಲಿ ಎರಡು ಗಂಟು ಕುಳಿತವು.

ಸಂಕ್ರಾಂತಿಯ ದಿನ ಅಮ್ಮ, ಮನೆಯವಳು ಸೇರಿ ಎಳ್ಳು ಬೀರಲು ಹೊರಟರು. ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬು, ತಾಂಬೂಲ, ಕಣ. ಒಂದೇ ಮಧ್ಯಾಹ್ನ 24 ಕಣ ಮನೆ ಬಿಟ್ಟವು. ಲಾಫ್ಟ್ ಖಾಲಿಯಾಯಿತು. ಡ್ರಾಯರಿನಲ್ಲಿ ಬೆರಳಾಡುವಷ್ಟು ಜಾಗ ಬಂತು, ಬಾಗಿಲು ಕಂಪನಿಯವರು ಹೇಳಿದಂತೆಯೇ ಸದ್ದಿಲ್ಲದೆ ಹಾಕಿಕೊಂಡಿತು. ಲೇಖಕ ಪ್ರತಿಜ್ಞೆ ಸಿದ್ಧವಾಯಿತೆಂದು ಫೋಟೊ ತೆಗೆದು ಹುಡುಗನಿಗೆ ಕಳಿಸಿದ.

ರಾತ್ರಿ ಒಂಬತ್ತರ ಹೊತ್ತಿಗೆ ಎಳ್ಳು ಬೀರಲು ಬಂದುಹೋದವರ ಲೆಕ್ಕ ಮುಗಿಯಿತು. ಬಂದ ಕಣ 27. ಅದರಲ್ಲೊಂದು ಗಿಳಿಹಸಿರು, ಮೂಲೆಯಲ್ಲಿ ನೀಲಿ ಚುಕ್ಕೆ; ಹೋದದ್ದು ಕೆಳಗಿನ ಮನೆಗೆ, ಬಂದದ್ದು ಬೀಗರ ಕಡೆಯಿಂದ. ಅಮ್ಮ ಅದರ ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಕೊಡೋಕಾಗುತ್ತೆ," ಎಂದು ಡ್ರಾಯರಿಗೆ ತುರುಕಿದಳು.

ಟೈ ಸದ್ಯಕ್ಕೆ ಆಚಾರ್ರು ಹೊಡೆದ ಮೊಳೆಯ ಮೇಲಿದೆ.