ಎಣ್ಣೆ ಪುರಾಣ

ಮಲ್ಪೆ ಬಂದರಿನಲ್ಲಿ ಜೂನ್, ಜುಲೈ ಎಂದರೆ ಯಾಂತ್ರಿಕ ಬೋಟುಗಳಿಗೆ ಕಡ್ಡಾಯ ರಜೆ. ಬಾಯಿಗೆ ಮಾತ್ರ ಪುರುಸೊತ್ತಿಲ್ಲ. ಯಾವ ಎಂಜಿನ್ ಆಯಿಲ್ ಒಳ್ಳೆಯದು ಎಂದು ಒಬ್ಬರನ್ನು ಕೇಳಿ ನೋಡಿ. ಚಹಾ ಆರುವಷ್ಟರಲ್ಲಿ ನಾಲ್ಕು ಪಕ್ಷಗಳಾಗಿರುತ್ತವೆ. ಹುಡುಗಿ ನೋಡಲು ಹೋದವರೂ ಇಷ್ಟು ಗೋತ್ರ ವಿಚಾರಿಸುವುದಿಲ್ಲ!

ಅಸಲಿಗೆ ಜಾತಕವೆಲ್ಲ ಡಬ್ಬಿಯ ಮೇಲೇ ಇದೆ. 15ಡಬ್ಲ್ಯೂ-40 ಎಂದಿದ್ದರೆ, ಮೊದಲಂಕಿ ಚಳಿಯಲ್ಲಿನ ಹರಿವು, ಎರಡನೆಯದು ಎಂಜಿನ್ ಕಾದಾಗಿನ ಮಂದ. ಮಲ್ಪೆಯಲ್ಲಿ ಹಿಮ ಬೀಳುವವರೆಗೆ ದುಬಾರಿ 0ಡಬ್ಲ್ಯೂ ಬೇಕಿಲ್ಲ. ಪಕ್ಕದಲ್ಲಿ ಸಿಐ-4ರಂಥ ಗುರುತು ಇರುತ್ತದೆ. 'ಸಿ' ಡೀಸೆಲ್ ಮನೆತನ, 'ಎಸ್' ಪೆಟ್ರೋಲ್ ಮನೆತನ. ಬರೀ 'ಎಸ್' ಇರುವ ಕಾರಿನ ಎಣ್ಣೆ ಅಗ್ಗಕ್ಕೆ ಸಿಕ್ಕಿತೆಂದು ಬೋಟಿಗೆ ಸುರಿಯುವ ಜಾಣರೂ ಇದ್ದಾರೆ. ಡೀಸೆಲ್ಲಿನ ಮಸಿ, ಆಮ್ಲ ಎರಡನ್ನೂ ಸಂಭಾಳಿಸುವ ತಾಕತ್ತು ಅದಕ್ಕೆಲ್ಲಿಂದ ಬರಬೇಕು?

ಇನ್ನು ಕೆಲವರು ಡಿಪ್‌ಸ್ಟಿಕ್ ಎಳೆದು ಎರಡು ಬೆರಳಲ್ಲಿ ಉಜ್ಜಿ, ಮೂಸಿ, "ಕಪ್ಪಾಯ್ತು, ಕೆಟ್ಟಿತು" ಎಂದು ತೀರ್ಪು ಕೊಡುತ್ತಾರೆ. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾಗುವುದು ಮಸಿಯನ್ನು ಹಿಡಿದಿಟ್ಟುಕೊಂಡಿರುವುದರಿಂದ. ಪಾಪ, ಅದರ ಕೆಲಸವೇ ಅದು. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡಾಗ. ಅಂದರೆ ಒಳಗೆ ನೀರು ಸೇರಿದೆ. ಆಗ ಎಂಥ ಬ್ರ್ಯಾಂಡೂ ಕಾಪಾಡದು, ಮೆಕ್ಯಾನಿಕ್ಕನ್ನೇ ಕರೆಯಬೇಕು.

ಎಂಜಿನ್ನಿನ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಹಳೆ ಎಣ್ಣೆಯನ್ನು ರಜೆ ಮುಗಿದ ಮೇಲಲ್ಲ, ರಜೆಗೆ ಮೊದಲೇ ಬದಲಿಸಿ, ಫಿಲ್ಟರನ್ನೂ ಮರೆಯಬೇಡಿ.