ಯಾವ ಬಾಹುಬಲಿ?

ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಬಸ್ಸು ಕಾಯುತ್ತ ನಿಂತವನಿಗೆ ಪ್ರವಾಸೋದ್ಯಮ ಇಲಾಖೆಯ ಕೆಲಸ ಸಂಬಳವಿಲ್ಲದೆ ತಾನಾಗಿಯೇ ಕೊರಳಿಗೆ ಬೀಳುತ್ತದೆ. ಬೆಂಗಳೂರು ನಂಬರಿನ ಕಾರು ನಿಧಾನವಾಗುತ್ತದೆ, ಗಾಜು ಇಳಿಯುತ್ತದೆ. "ಸಾರ್, ಬಾಹುಬಲಿ ಎಲ್ಲಿ?"

"ಯಾವ ಬಾಹುಬಲಿ?" ಎಂದರೆ ಅವರಿಗೆ ನಾವು ಕುಚೋದ್ಯ ಮಾಡಿದ ಹಾಗೆ ಕಾಣುತ್ತದೆ. ನಾವೇನು ಮಾಡುವುದು ಮಾರಾಯ್ರೆ? ಇಲ್ಲಿಂದ ಮೂಡುಬಿದಿರೆ ಕಡೆಗೆ ತಿರುಗಿದರೆ ವೇಣೂರಿನ ಬಾಹುಬಲಿ, ಅಲ್ಲಿನ ಅರಸ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ್ದು, 35 ಅಡಿ. ನಾರಾವಿ ರಸ್ತೆ ಹಿಡಿದರೆ ಕಾರ್ಕಳದ್ದು, 1432ರದ್ದು, 42 ಅಡಿ. ಬೆಳ್ತಂಗಡಿ, ಉಜಿರೆ ದಾಟಿದರೆ ಧರ್ಮಸ್ಥಳದ್ದು, 39 ಅಡಿ, 1982ರಲ್ಲಿ ಪ್ರತಿಷ್ಠೆಯಾದದ್ದು. ಇಷ್ಟನ್ನೂ ಬಿಸಿಲಲ್ಲಿ ನಿಂತು ಒಪ್ಪಿಸಿದ ಮೇಲೆ ಹಿಂದಿನ ಸೀಟಿನಿಂದ ಒಂದು ಹೆಣ್ಣು ದನಿ ಬರುತ್ತದೆ: "ಮೂರೂ ಒಂದೇ ಥರ ಅಲ್ವಾ ರೀ? ಯಾವುದು ಹತ್ತಿರ ಕೇಳಿ."

ಹೀಗೆ ಕೇಳಿಸಿಕೊಂಡು ಕೇಳಿಸಿಕೊಂಡು ನನ್ನಲ್ಲಿ ಸಲಹೆಯ ದೊಡ್ಡ ದಾಸ್ತಾನು ಬೆಳೆದಿದೆ. ಬೆಂಗಳೂರಿನ ನನ್ನ ಭಾವ ಈ ಸಲ ಊರು ನೋಡಲು ಬರುತ್ತೇನೆಂದು ಪಟ್ಟಿ ಕಳಿಸಿದಾಗ ಅದನ್ನು ಪೂರ್ತಿ ಅವನ ಮೇಲೆ ಸುರಿದೆ. ಅವನ ಪಟ್ಟಿ ಹೀಗಿತ್ತು: ಬೆಳಿಗ್ಗೆ ಗಡಾಯಿಕಲ್ಲು, ಹತ್ತಕ್ಕೆ ಧರ್ಮಸ್ಥಳ, ಊಟಕ್ಕೆ ಮೂಡುಬಿದಿರೆ, ಚಹಾಕ್ಕೆ ಕಲ್ಲಡ್ಕ, ಸಂಜೆ ಕಾರಿಂಜ, ರಾತ್ರಿ ಬಸ್ಸು. ಚುನಾವಣೆಗೆ ನಿಂತವರೂ ಒಂದೇ ದಿನ ಇಷ್ಟು ಊರು ತಿರುಗುವುದಿಲ್ಲ.

ಗಡಾಯಿಕಲ್ಲನ್ನೇ ತೆಗೆದುಕೊಳ್ಳಿ. ಟಿಪ್ಪು 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ. ಶತ್ರು ಹತ್ತಿ ಬರಬಾರದು ಎಂಬ ಒಂದೇ ಉದ್ದೇಶದಿಂದ ಆರಿಸಿದ ಬಂಡೆ ಅದು. ಆ ಉದ್ದೇಶ ಇವತ್ತಿಗೂ ಚೆನ್ನಾಗಿಯೇ ಈಡೇರುತ್ತಿದೆ. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳನ್ನು ಏರಿ ಅರ್ಧಕ್ಕೆ ಬರುವಾಗ ಹೊಟ್ಟೆ ಬಂದ ಗಂಡಸರು ಇತಿಹಾಸದ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ನಿಂತು ಉಸಿರು ತೆಗೆದುಕೊಳ್ಳಲು ಮರ್ಯಾದೆಯ ದಾರಿ ಅದೊಂದೇ. ನೀರು ಕೆಳಗಿನಿಂದಲೇ ಹೊತ್ತುಕೊಳ್ಳಿ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಆಗ ರಸ್ತೆಯಿಂದಲೇ ನೋಡಿ. ಆ ಕಲ್ಲು ಚೆಂದ ಕಾಣುವುದೂ ದೂರದಿಂದಲೇ.

ಧರ್ಮಸ್ಥಳಕ್ಕೆ ಹೋಗುವ ಗಂಡಸರು ಟೀ ಶರ್ಟ್ ಹಾಕಬೇಡಿ, ಗುಂಡಿ ಇರುವ ಅಂಗಿಯೇ ಇರಲಿ. ದೇವರ ಮುಂದೆ ಅಂಗಿ, ಬನಿಯನ್ ಕಳಚಿಯೇ ಹೋಗಬೇಕು. ಸಾಲಿನ ನಡುವೆ ಟೀ ಶರ್ಟನ್ನು ತಲೆಯ ಮೇಲಿಂದ ಎಳೆಯುವಾಗ ಮೊಣಕೈ ಹಿಂದಿನವರ ಮೂಗಿಗೆ ತಾಗುತ್ತದೆ, ಕನ್ನಡಕ ಯಾರದೋ ಕಾಲಡಿಗೆ ಹೋಗುತ್ತದೆ. ಬನಿಯನ್ನಿನ ತೂತುಗಳ ವಿಷಯ ಮನೆಯಲ್ಲೇ ಇತ್ಯರ್ಥ ಮಾಡಿಕೊಂಡು ಬನ್ನಿ. ಅಂಗಿ ಕಳಚಿದ ಮೇಲೆ ಸಾಲಿನ ಗಂಡಸರೆಲ್ಲ ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ. ಅನ್ನಪೂರ್ಣ ಛತ್ರದಲ್ಲಿ ಊಟಕ್ಕೆ ಕೂತಾಗ ಅದು ಮೊದಲಿನ ಜಾಗಕ್ಕೇ ಬರುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ದಯವಿಟ್ಟು ಕಂಬ ಎಣಿಸಲು ಕೂರಬೇಡಿ. 1430ರಲ್ಲಿ ಕಟ್ಟಿದ ಬಸದಿ. ಎಣಿಸಿದವರು ನಿಮಗಿಂತ ಮೊದಲೂ ಇದ್ದರು. ಒಂದರಂತೆ ಇನ್ನೊಂದು ಕಂಬ ಇಲ್ಲ ಎನ್ನುತ್ತಾರೆ. ಎರಡನ್ನಾದರೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ: ಒಂದರ ಮೈಯಲ್ಲಿ ಬಳ್ಳಿ, ಇನ್ನೊಂದರಲ್ಲಿ ಸರಪಳಿಯಂಥ ಹೆಣಿಗೆ, ಒಂದು ಉರುಟು, ಇನ್ನೊಂದಕ್ಕೆ ಪಟ್ಟೆ ಪಟ್ಟೆ ಮುಖ. ಹೋಗುವುದಿದ್ದರೆ ಬೆಳಿಗ್ಗೆ ಬೇಗ ಹೋಗಿ. ಚಪ್ಪಲಿ ಹೊರಗೆ, ಅಂಗಳದ ಕಲ್ಲು ಬಿಸಿಲಲ್ಲಿ. ಮಾರ್ಚ್ ತಿಂಗಳ ನಡುಮಧ್ಯಾಹ್ನ ಗಂಭೀರ ಸ್ವಭಾವದ ಬ್ಯಾಂಕ್ ಮ್ಯಾನೇಜರರೂ ಆ ಅಂಗಳದಲ್ಲಿ ಕುಣಿಯುತ್ತ ಓಡುವುದನ್ನು ನೋಡಬಹುದು.

ಕಲ್ಲಡ್ಕದ ಕೆಟಿಗೆ, ಅಂದರೆ ಕಲ್ಲಡ್ಕ ಟೀಗೆ, ಒಂದೇ ಸೂಚನೆ. ಬಿ.ಸಿ. ರೋಡಿನಿಂದ ಪುತ್ತೂರು ಕಡೆ ಹೋಗುವಾಗ ಮೇಲ್ಸೇತುವೆ ಹತ್ತಬೇಡಿ. ಹತ್ತಿದಿರೋ, ನೀವು ಮೇಲೆ, ಕೆಟಿ ಕೆಳಗೆ. ಗ್ಲಾಸಿನ ಅಡಿಯಲ್ಲಿ ಬಿಳಿ ಹಾಲು, ಮೇಲೆ ಕೆಂಪು ಡಿಕಾಕ್ಷನ್, ನಡುವೆ ಗೆರೆ ಎಳೆದಂತೆ. ಫೋಟೊ ತೆಗೆಯುವುದಿದ್ದರೆ ತೆಗೆದು, ಬಿಸಿಯಿರುವಾಗಲೇ ಕಲಕಿ ಕುಡಿಯಿರಿ. ಕಾರಿಂಜದ ದೇವಸ್ಥಾನದಲ್ಲಿ ಮಂಗಗಳಿವೆ. ಕೈಚೀಲದಲ್ಲಿ ಬಾಳೆಹಣ್ಣು ಇದೆಯೆಂದು ನೀವು ಮರೆತಿರಬಹುದು, ಅವು ಮರೆಯುವುದಿಲ್ಲ.

'ಕಾಂತಾರ' ಬಂದ 2022ರಿಂದ ಇನ್ನೊಂದು ಪ್ರಶ್ನೆ ಸೇರಿದೆ: "ಇವತ್ತು ಎಲ್ಲಾದರೂ ಕೋಲ ಇದೆಯಾ?" ಇದನ್ನು ಕೇಳುವುದು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ. ಮೇ ಕೊನೆಯ ಪತ್ತನಾಜೆಗೆ ಕೋಲ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ಗೆಜ್ಜೆ ಬಿಚ್ಚುತ್ತವೆ. ರಾತ್ರಿ ನಿದ್ದೆಗೆಡುವ ಆಸೆಯಿದ್ದರೆ ದೀಪಾವಳಿ ಕಳೆದು ಬನ್ನಿ. ಆಗ ಕಂಬಳವೂ ಇರುತ್ತದೆ, ಮೂಡುಬಿದಿರೆಯಲ್ಲಿ, ವೇಣೂರಿನಲ್ಲಿ, ಹೊಕ್ಕಾಡಿಗೋಳಿಯಲ್ಲಿ. ಆದರೆ ಫೈನಲ್ ನೋಡಿಕೊಂಡೇ ಹೊರಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಕೋಣಗಳು ಓಡುವುದು ಕೆಲವೇ ಸೆಕೆಂಡು, ಅವನ್ನು ಗೆರೆಗೆ ತಂದು ನಿಲ್ಲಿಸುವುದಕ್ಕೆ ಅರ್ಧ ರಾತ್ರಿ ಬೇಕು. ಕೋಲದಲ್ಲಿ ಮಾತ್ರ ಮೊಬೈಲು ಕಿಸೆಯಲ್ಲಿರಲಿ. ದೈವದ ಮುಖಕ್ಕೆ ಫ್ಲ್ಯಾಶ್ ಹಾಕಿದವರನ್ನು ಊರವರು ನೋಡುವ ನೋಟ ಯಾವ ಫೋಟೊದಲ್ಲೂ ಬರುವುದಿಲ್ಲ.

ಭಾವ ಇಷ್ಟೆಲ್ಲ ಕೇಳಿ, ಹೂಂಗುಟ್ಟಿ, ಬಂದದ್ದು ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿ, ಸುರಿಯುವ ಮಳೆಯಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಏಳುವಷ್ಟರಲ್ಲಿ ನನ್ನ ಅಮ್ಮ ಲೋಟ ಹಿಡಿದು ನಿಂತಿದ್ದಳು. ಕಾಫಿಯೆಂದು ಒಂದೇ ಗುಟುಕಿಗೆ ಕುಡಿದ. ಅದು ಆ ಅಮಾವಾಸ್ಯೆಗೆಂದೇ ನಸುಕಿಗೆ ಮೊದಲು ಕಲ್ಲಿನಿಂದ ಜಜ್ಜಿ ತಂದ ಪಾಲೆ ಮರದ ಕೆತ್ತೆಯ ಕಷಾಯ. ಮುಖದ ಬಣ್ಣ ನೋಡಿ ಅಮ್ಮ, "ಒಳ್ಳೆಯದು ಮಗ, ವರ್ಷವಿಡೀ ರೋಗ ಬರುವುದಿಲ್ಲ, ಈಗ ಮೆಂತೆ ಗಂಜಿ ಉಂಟು" ಎಂದಳು. ಗಂಜಿಯೂ ಕಹಿಯೇ ಇರಬಹುದೆಂದು ಅವನು ಬಹಳ ಹೊತ್ತು ಚಮಚ ಮುಟ್ಟಲಿಲ್ಲ.

ಮಳೆಗಾಲಕ್ಕೆ ಬರುವವರಿಗೆ ಒಂದು ಮಾತು ಬಾಕಿ ಇದೆ. ಗುಡ್ಡ ಜರಿದು ಚಾರ್ಮಾಡಿ ಬಂದಾದರೆ ಶಿರಾಡಿಯಲ್ಲಿ ಹೋಗಿ. ಶಿರಾಡಿಯೂ ಬಂದಾದರೆ ಸಂಪಾಜೆ ಹತ್ತಿ ಮಡಿಕೇರಿಯ ಮೇಲೆ ಹೋಗಿ. ಅದೂ ಬಂದಾದರೆ ಆಫೀಸಿಗೆ ಫೋನು ಮಾಡಿ ರಜೆ ಹೇಳಿ. ಕರೆಂಟು ಹೋಗಿರುವುದರಿಂದ ಮನೆಯೊಳಗೆ ನೆಟ್‌ವರ್ಕ್ ಸಿಗಲಿಕ್ಕಿಲ್ಲ. ಅಡಿಕೆ ತೋಟ ದಾಟಿ, ಸಂಕ ದಾಟಿ, ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ಕೊಡೆ ಜಗಲಿಯಲ್ಲಿದೆ. ದಾರಿಯಲ್ಲಿ ಜಿಗಣೆ ಹತ್ತುತ್ತದೆ, ಉಪ್ಪು ಅಮ್ಮನ ಹತ್ತಿರ ಕೇಳಿ.