ಐದನೇ ಕ್ಲಾಸಿನ ಗಣಿತ ಪತ್ರಿಕೆ ಮಾತಾಡಿತು

ಮಡಿಕೇರಿಯ ಶಾಲೆಯೊಂದರ ಉಗ್ರಾಣ. ಮುರಿದ ಗ್ಲೋಬಿಗೂ ಬಾವುಟದ ಕೋಲಿಗೂ ನಡುವೆ 2024ರ ಐದನೇ ತರಗತಿ ಬೋರ್ಡ್ ಪರೀಕ್ಷೆಯ ಗಣಿತ ಪತ್ರಿಕೆಯ ಉಳಿಕೆ ಪ್ರತಿ. ಮೈತುಂಬ ಬೂಷ್ಟು, ಗತ್ತು ಮಾತ್ರ ಹಾಗೇ ಇದೆ.

ಹೇಗಿದ್ದೀರಿ?

ಥಂಡಿ ಮಾರಾಯ್ರೆ. ಗುಟ್ಟು ಹೊರಗೆ ಹೋಗದ ಹಾಗೆ ಕಟ್ಟಿ ಕಳಿಸಿದರು. ಮಡಿಕೇರಿ ಮಳೆ ಒಳಗೆ ಬಾರದ ಹಾಗೆ ಯಾರೂ ಕಟ್ಟಲಿಲ್ಲ.

ಆ ಮಾರ್ಚ್ ತಿಂಗಳು?

ಕೇಳಬೇಡಿ. 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ನಮ್ಮನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಬದುಕಿಸಿತು. 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ಅಡ್ಡ ಬಂತು. ಭಾಷಾ ಪತ್ರಿಕೆಗಳು ಅಷ್ಟರಲ್ಲಿ ಪಾರಾಗಿದ್ದವು, ನಾನು ಸಿಕ್ಕಿಬಿದ್ದೆ. 22ಕ್ಕೆ ವಿಭಾಗೀಯ ಪೀಠ ಮತ್ತೆ ಹೂಂ ಅಂದಿತು, 25ರಿಂದ ಉಳಿದವರ ಸರದಿ. ಏಪ್ರಿಲ್ 8ಕ್ಕೆ ಫಲಿತಾಂಶ, ಅವತ್ತೇ ಅದಕ್ಕೂ ಸುಪ್ರೀಂ ಕೋರ್ಟಿನ ತಡೆ. ಒಂದೇ ತಿಂಗಳಲ್ಲಿ ಇಷ್ಟು ಪರೀಕ್ಷೆ ಎದುರಿಸಿದ ಪ್ರಶ್ನೆಪತ್ರಿಕೆ ಬೇರೆ ಇದ್ದರೆ ತೋರಿಸಿ.

ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಮೇ ಹೇಳುತ್ತದಲ್ಲ?

ಅದಕ್ಕೇ ನಾವು ಯಾರನ್ನೂ ಫೇಲು ಮಾಡುವುದಿಲ್ಲ ಎಂದಿದ್ದು. ಹೆದರಿಸುವುದಿಲ್ಲ ಎಂದು ಹೇಳಿರಲಿಲ್ಲ.

ಬೀದರಿಗೂ ಮಡಿಕೇರಿಗೂ ಒಂದೇ ಪತ್ರಿಕೆ. ಇಲ್ಲಿ ಕಕ್ಕಡ ತಿಂಗಳ ಮಳೆಗೆ ರಜೆಯ ಮೇಲೆ ರಜೆ.

ರಜೆ ಕೊಡುವುದು ಜಿಲ್ಲಾಧಿಕಾರಿಗಳು, ನನ್ನನ್ನೇನು ಕೇಳುತ್ತೀರಿ? ನನಗೆ ಮಳೆ ಅಂದರೆ ಮಿಲಿಮೀಟರು. ಸರಾಸರಿ ಬೇಕಾದರೆ ಹೇಳಿ.

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳು, ತೋಟದಿಂದ ತೋಟಕ್ಕೆ ಹೋಗುವ ಲೈನ್‌ಮನೆ ಮಕ್ಕಳು?

(ಸ್ವಲ್ಪ ಹೊತ್ತು ಸುಮ್ಮನಿದ್ದು) ಲೈನ್‌ಮನೆಯ ಒಬ್ಬಳು ಹುಡುಗಿ ಇದ್ದಳು. ಅಮ್ಮ ಕೊಯ್ದ ಕಾಫಿಹಣ್ಣಿನ ತೂಕಕ್ಕೆ ಮೇಸ್ತ್ರಿ ಕೂಲಿ ಕಡಿಮೆ ಬರೆದದ್ದನ್ನು ಬಾಯಿಲೆಕ್ಕದಲ್ಲೇ ಹಿಡಿದವಳಂತೆ. ನನ್ನ ಭಾಗಾಕಾರದ ಮುಂದೆ ಕೂತು ಪೆನ್ಸಿಲಿನ ಹಿಂಬದಿ ಪೂರ್ತಿ ಕಡಿದು ಹಾಕಿದಳು. ಸೊನ್ನೆ ಬಂತು. ಆಮೇಲೆ ಆ ಸೊನ್ನೆಗೂ ಸುಪ್ರೀಂ ಕೋರ್ಟಿನ ತಡೆ ಬಂತು.

ನಿಮ್ಮ ದೊಡ್ಡಣ್ಣ ಎಸ್ಸೆಸ್ಸೆಲ್ಸಿ ಹೇಗಿದ್ದಾನೆ?

ಅವನ ಕಥೆ ಬೇರೆ. ಅದೇ ವರ್ಷ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಅಲ್ಲಿಯವರೆಗೆ ಕಿಟಕಿಯಿಂದ ಬರುತ್ತಿದ್ದ ಅಂಕ ಆ ವರ್ಷ ಇಲಾಖೆಯ ಮುಂಬಾಗಿಲಿನಿಂದ ಬಂತು, ಅಷ್ಟೇ.

ಕೊಡಗು ಮೇಲಿನ ಸಾಲಿನಲ್ಲೇ ಇತ್ತಲ್ಲ?

ಇತ್ತು. ಮಳೆ ಬಂದರೂ ಓದುತ್ತಾರೆ ಇಲ್ಲಿಯವರು. ನನ್ನಿಂದಾಗಿ ಅಲ್ಲ, ಅದನ್ನು ಬರೆದುಕೊಳ್ಳಬೇಡಿ.

ಇನ್ನು ಮುಂದೆ?

ರದ್ದಿಗೆ ಹಾಕಲು ಹೆಡ್‌ಮಾಸ್ಟರಿಗೆ ಭಯ, ಕೋರ್ಟು ಯಾವಾಗ ಕೇಳುತ್ತದೋ ಎಂದು. ಆ ಮಕ್ಕಳೇನೋ ಮೇಲಿನ ಕ್ಲಾಸಿಗೆ ಹೋದರು. ನನ್ನನ್ನು ಒಂದು ಮಾತು ಕೇಳಲಿಲ್ಲ ನೋಡಿ.